ಖರಾಬಿಗೊಂದು ಹುಣಸೆ ಬೀಜ

ಸೋತಾಗ ನಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಆ ದೊಡ್ಡ ಗುಣ ನನಗಂತೂ ಬರಲಿಲ್ಲ. ಹತ್ತನೇ ವಯಸ್ಸಿನಲ್ಲಿ ಚೌಕಾಬಾರದಲ್ಲಿ ನನ್ನ ಕಾಯಿ ಹೊಡೆದನೆಂದು ಚಿಕ್ಕಪ್ಪನ ಮಗನ ಜೊತೆ ಮಾತು ಬಿಟ್ಟವನು, ಮತ್ತೆ ಮಾತಾಡಿಸಿದ್ದು ಅವನ ಮದುವೆಯಲ್ಲಿ. ಅದೂ ಅವನೇ ಕೈ ಹಿಡಿದು ಎಳೆದದ್ದಕ್ಕೆ. ಇಂಥ ನಾನು ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಹೆಂಡತಿಯ ತಾಯಿಯ ಎದುರು ಕೂತು ದಿನಾ ಸೋತೆ, ಮಾರನೆಯ ದಿನ ಕಾಫಿ ಕುಡಿದು ಮತ್ತೆ ಹೋಗಿ ಕೂತೆ. ಅಂಥ ಆಟ ಅದು.

ಆಟ ಕಟ್ಟಿದವಳು ನನ್ನ ಹೆಂಡತಿ ಗಿರಿಜೆ. ಅವಳು ತೂಬಗೆರೆ ಕಡೆಯ ಒಂದು ಶಾಲೆಯಲ್ಲಿ ಮೇಡಂ. ಮಕ್ಕಳಿಗೆ ತಮ್ಮ ಊರಿನ ಪಾಠ ಹೇಳುವುದಕ್ಕೆ ಏನಾದರೂ ಬೇಕಿತ್ತು. ದೊಡ್ಡಬಳ್ಳಾಪುರದಲ್ಲಿ ನಮ್ಮ ಬಾಡಿಗೆ ಮನೆಯ ಎದುರು ಮಗ್ಗದವರಿದ್ದರು. ಸೀರೆಯ ಡಿಸೈನು ಬದಲಾದಾಗ ಅವರು ಎಸೆಯುತ್ತಿದ್ದ, ನೇಯ್ಗೆಯ ಡಿಸೈನಿಗೆಂದು ತೂತು ಹೊಡೆದ ಜಕಾರ್ಡು ರಟ್ಟುಗಳನ್ನು ಆಯ್ದು ತಂದು, ಚೌಕ ಬಿಲ್ಲೆಗಳಾಗಿ ಕತ್ತರಿಸಿ, ಒಂದೊಂದರ ಮೇಲೆ ಗುಡ್ಡ, ಕೆರೆ, ಗದ್ದೆ, ತೋಪು, ಮನೆ ಎಂದು ಬಣ್ಣ ಬಳಿದಳು. ರಟ್ಟಿನ ತುಂಬ ತೂತುಗಳಿದ್ದವಲ್ಲ, ಅವು ಗದ್ದೆಯಲ್ಲಿದ್ದರೆ ಬಾವಿ, ಗುಡ್ಡದಲ್ಲಿದ್ದರೆ ನರಿಯ ಬಿಲ ಎಂದು ಮಕ್ಕಳೇ ತೀರ್ಮಾನ ಮಾಡಿದರಂತೆ. ಬೇಸಿಗೆ ರಜೆಗೆ ಬಿಲ್ಲೆಗಳ ಚೀಲ ಮನೆಗೆ ಬಂತು. ಅದೇ ವಾರ ಸಾಸಲಿನಿಂದ ಅತ್ತೆ ಕೆಂಪಮ್ಮನವರೂ ಬಂದರು.

ಆಟ ಸುಲಭ. ಮೊರದಲ್ಲಿ ಬೋರಲು ಹಾಕಿದ ಬಿಲ್ಲೆಗಳಲ್ಲಿ ಒಂದನ್ನೆತ್ತಿ, ನೆಲದ ಮೇಲೆ ಮೊದಲೇ ಇಟ್ಟವುಗಳ ಪಕ್ಕಕ್ಕೆ ಜೋಡಿಸಬೇಕು. ತೋಪಿಗೆ ತೋಪು ತಗುಲಿದರೆ ಎರಡು ಹುಣಸೆ ಬೀಜ, ಮನೆಗೆ ಮನೆ ಸೇರಿದರೆ ಒಂದು. ಎಲ್ಲ ಮುಗಿದ ಮೇಲೆ ಮಳೆ. ಗುಡ್ಡದ ಮೇಲೆ ಬೆರಳಿಟ್ಟು ಇಳಿಸುತ್ತ ಬರಬೇಕು. ನೀರು ಮುಟ್ಟಿದ ಕೆರೆಯ ಪಕ್ಕದ ಗದ್ದೆಗಳಿಗೆ ಮಾತ್ರ, ಅವನ್ನು ಇಟ್ಟವರಿಗೆ, ಐದೈದು ಬೀಜ. ಇವುಗಳ ನಡುವೆ ಬೂದು ಗೆರೆ ಎಳೆದ ಬಿಲ್ಲೆಗಳು ಕೆಲವಿದ್ದವು. ಅವು ಖರಾಬು. ಕೆರೆಯಿಂದ ಕೆರೆಗೆ ನೀರು ಹರಿಯುವುದು ಅವುಗಳ ಮೇಲೆಯೇ, ಬೀಜ ಮಾತ್ರ ಒಂದೂ ಇಲ್ಲ.

ನಾನು ಕಂದಾಯ ಇಲಾಖೆಯ ಗುಮಾಸ್ತ. ಉಳಲು ಬಾರದ ಹಳ್ಳ, ದಾರಿ, ಬಂಡೆಗಳನ್ನೆಲ್ಲ ಖರಾಬು ಎಂದು ದಿನಕ್ಕೆ ಹತ್ತು ಸಲ ಬರೆಯುವ ಕೈ. ಅದು ಸಿಕ್ಕಿದ ಕೂಡಲೇ ಮೂಲೆಗೆ ತಳ್ಳುತ್ತಿದ್ದೆ. ನನ್ನ ಲೆಕ್ಕ ಸರಳ: ಗುಡ್ಡದ ಬುಡದಲ್ಲೇ ಕೆರೆ ಕಟ್ಟಿದರೆ ಕಾಲುವೆಯ ಗೊಡವೆ ಯಾಕೆ? ಅತ್ತೆ ನಾನು ತಳ್ಳಿದ ಖರಾಬಿನ ಪಕ್ಕಕ್ಕೆ ತಮ್ಮ ಖರಾಬು ಇಟ್ಟು, ಅದರ ತುದಿಗೊಂದು ಕೆರೆ, ಮತ್ತೆ ಖರಾಬು, ಮತ್ತೊಂದು ಕೆರೆ ಎಂದು ಹಾವಿನ ಹಾಗೆ ಹೋಗುತ್ತಿದ್ದರು. ಮಳೆ ಬಂದಾಗ ನನ್ನ ಕೆರೆ ತುಂಬಿ, ಕೋಡಿ ಬಿದ್ದು, ಆ ನೀರೆಲ್ಲ ಇಳಿದು ಅವರ ಗದ್ದೆಗಳಿಗೆ ಸೇರುತ್ತಿತ್ತು. ನಾನು ಕೆರೆ ಕಟ್ಟಿಸಿದ ಪುಣ್ಯಾತ್ಮ, ಬೆಳೆ ಮಾತ್ರ ಅವರದು.

ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಹತ್ತು ಬಿಲ್ಲೆಯಾಚೆಗೆ ಹೇಗೆ ನೋಡುತ್ತಾರೆ ಎಂದು ಒಮ್ಮೆ ಕೇಳಿಯೇಬಿಟ್ಟೆ. "ನೋಡೋದೇನು ಬಂತು? ನಮ್ಮೂರ ಕೆರೆ ಕೋಡಿ ಬಿದ್ರೆ ಮುಂದ್ಲೂರ ಕೆರೆ, ಅದು ತುಂಬುದ್ರೆ ಅದರ ಮುಂದ್ಲುದು" ಎಂದು ಏಳು ಕೆರೆಗಳ ಹೆಸರನ್ನು ಮೊಮ್ಮಕ್ಕಳ ಹೆಸರು ಹೇಳಿದಂತೆ ಹೇಳಿದರು. ಆ ಏಳೂ ಊರುಗಳ ಕಡತಗಳನ್ನು ನಾನು ಮುಟ್ಟಿದ್ದೆ. ಒಂದರ ನೀರು ಇನ್ನೊಂದಕ್ಕೆ ಹೋಗುತ್ತದೆಂದು ಯಾವ ಕಡತವೂ ನನಗೆ ಹೇಳಿರಲಿಲ್ಲ. ಯಾರೋ ಹೆಸರಿಲ್ಲದವರು, ಗುದ್ದಲಿ ಮಂಕರಿ ಹಿಡಿದು, ಇಡೀ ಸೀಮೆಯನ್ನೇ ಹೀಗೆ ಬಿಲ್ಲೆ ಬಿಲ್ಲೆಯಾಗಿ ಜೋಡಿಸಿ ಹೋಗಿದ್ದರು.

ನಮ್ಮ ಆಟಗಳು ಬಹುಪಾಲು ಜಗಳಗಂಟಿಗಳು. ಚೌಕಾಬಾರದಲ್ಲಿ ಹೊಡೆಯಬೇಕು, ಚದುರಂಗದಲ್ಲಿ ಕೊಲ್ಲಬೇಕು, ಅಳಿಗುಳಿಮಣೆಯಲ್ಲಿ ಎದುರಿನವರ ಗುಳಿ ಬರಿದು ಮಾಡಬೇಕು. ಗಿರಿಜೆಯ ಆಟದಲ್ಲಿ ಸೋತವನಿಗೂ ಕೊನೆಗೆ ನೆಲದ ಮೇಲೆ ಒಂದು ಹಸಿರು ಸೀಮೆ ಕಾಣುತ್ತಿತ್ತು. ಅದರಲ್ಲಿ ಅರ್ಧ ನನ್ನದೇ ಎಂದು ಸಮಾಧಾನಪಟ್ಟುಕೊಂಡು ಏಳಬಹುದಿತ್ತು. ಹಾಗೆಂದು ನಾನೇನೂ ಸಮಾಧಾನಪಡಲಿಲ್ಲ. ಗೆಲ್ಲಲೇಬೇಕಿತ್ತು.

ಈಗ ಇನ್ನೊಂದು ವಿಷಯ ಹೇಳಬೇಕು. ಆ ಬೇಸಿಗೆ ಊರಾಚೆ ನಮ್ಮ ಸ್ವಂತ ಮನೆ ಏಳುತ್ತಿತ್ತು. ಸೈಟಿನ ಹಿಂದೆ ನಾಲ್ಕಡಿ ಅಗಲದ ಒಂದು ಒಣ ಕಾಲುವೆ, ದಾಖಲೆಯಲ್ಲಿ ಖರಾಬು. ಅದನ್ನು ಮಣ್ಣು ತುಂಬಿಸಿ ಕಾಂಪೌಂಡಿನ ಒಳಗೆ ಸೇರಿಸಿಕೊಂಡರೆ ಒಂದು ಬಚ್ಚಲು, ಎರಡು ತೆಂಗಿನ ಗಿಡಕ್ಕೆ ಜಾಗವಾಗುತ್ತದೆಂದು ನಾನು ಯೋಚಿಸಿದ್ದೆ. ಬೇರೆಯವರು ಹೀಗೆ ಮಾಡಿದರೆ ನೋಟೀಸು ಬರೆಯುವವನೂ ನಾನೇ. ಮೇಸ್ತ್ರಿ ಮುನಿಶಾಮಿ ಆಗಲೇ ಕಾಲುವೆಯಾಚೆ ಗೂಟ ಹೊಡೆದು ದಾರ ಕಟ್ಟಿದ್ದ. ಅತ್ತೆ ಒಂದು ದಿನ ಬಂದು ಕಾಲುವೆಯುದ್ದಕ್ಕೂ ನಡೆದು ನೋಡಿದರು.

ಮರುದಿನ ಮಧ್ಯಾಹ್ನದ ಆಟದಲ್ಲಿ ನನಗೊಂದು ಮನೆ ಬಿಲ್ಲೆ ಬಂತು. ಅತ್ತೆಯ ಖರಾಬಿನ ಸಾಲು ಅವರ ಕೆರೆಗೆ ಸೇರಲು ಒಂದೇ ಚೌಕ ಬಾಕಿ ಇತ್ತು. ಆ ಚೌಕದಲ್ಲಿ ನನ್ನ ಮನೆಯನ್ನು ಕೂರಿಸಿಬಿಟ್ಟೆ. ಮಳೆ ಬಂತು, ಅವರ ಗದ್ದೆಗಳು ಒಣಗಿದವು, ನಾನು ಗೆದ್ದೆ. ಮುಖದ ತುಂಬ ನಗೆ ಇಟ್ಟುಕೊಂಡು ಬೀಜ ಎಣಿಸತೊಡಗಿದೆ.

"ಗೆದ್ರಿ ಬುಡಿ ಅಳಿಯಂದ್ರೆ," ಎಂದರು ಅತ್ತೆ. ಅವರ ಬೆರಳು ಇನ್ನೂ ಖರಾಬಿನ ತುದಿಯಲ್ಲೇ ನಿಂತಿತ್ತು. "ನೀರು ಬಂದ್ಬುಟ್ಟದೆ. ಈಗ ಎಲ್ಲಿಗೋಗ್ಲಿ ಅದು?"

"ರೂಲ್ಸಲ್ಲಿ ಅದಿಲ್ಲ ಅತ್ತೆ."

"ರೂಲ್ಸು ನೀರಿಗೆ ಹೇಳಿದ್ದೀರಾ?" ಎಂದಳು ಗಿರಿಜೆ ಅಡಿಗೆಮನೆಯಿಂದ.

ಅತ್ತೆಯ ಬೆರಳು ನಿಧಾನವಾಗಿ ನನ್ನ ಮನೆ ಬಿಲ್ಲೆಯ ಮೇಲೆ ಏರಿತು, ಪಕ್ಕದ ಮನೆ ಏರಿತು, ಮೂರನೆಯದನ್ನೂ ಏರಿತು. ಮೂರನೆಯದರ ಬಾಗಿಲಿಗೆ ಯಾವುದೋ ಮಗು ರಂಗೋಲಿ ಬರೆದಿತ್ತು. ನನ್ನ ಎಣಿಕೆ ತಪ್ಪಿಹೋಯಿತು. ಆ ಬೆರಳನ್ನು ನೋಡುತ್ತ ನಿಜವಾಗಿಯೂ ಹೆದರಿದೆ.

ಬೆಳಿಗ್ಗೆ ಸೈಟಿಗೆ ಹೋಗಿ ದಾರ ಬಿಚ್ಚಿ ಕಾಲುವೆಯ ಈಚೆಗೆ ಕಟ್ಟಲು ಹೇಳಿದೆ. "ಏನ್ಸಾರ್, ಬಿಟ್ಟಿ ಸಿಗೋ ಜಾಗ ಬಿಡ್ತಾರಾ ಯಾರಾದ್ರೂ? ಆಜೂಬಾಜು ಎಲ್ಲಾ ಹಾಕ್ಕೊಂಡವ್ರೆ," ಎಂದ ಮುನಿಶಾಮಿ. ಹೆಂಡತಿಯ ತಾಯಿಯ ಹತ್ತಿರ ರಟ್ಟಿನಾಟದಲ್ಲಿ ಗೆದ್ದೆ, ಅದಕ್ಕೆ, ಎಂದು ಹೇಳಲು ಬಾಯಿ ಬರಲಿಲ್ಲ. ವಾಸ್ತು ಎಂದೆ. ಅವನು ಗೌರವದಿಂದ ತಲೆಯಾಡಿಸಿ ಗೂಟ ಕಿತ್ತ.

ಗೃಹಪ್ರವೇಶವಾದ ತಿಂಗಳಿಗೆ ಒಂದು ಸಂಜೆ ಜೋರು ಮಳೆ ಹಿಡಿಯಿತು. ಎಂದೂ ಹರಿಯದ ಆ ಕಾಲುವೆಯಲ್ಲಿ ಕೆಂಪು ನೀರು ಮೊಣಕಾಲುದ್ದ ಬಂತು. ಅತ್ತೆ ಬಂದಿದ್ದರು. ಇಬ್ಬರೂ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆವು. ನೀರು ನಮ್ಮ ಗೋಡೆಯನ್ನು ಸವರಿಕೊಂಡು, ಯಾರನ್ನೂ ದಾರಿ ಕೇಳದೆ, ಕೆಳಗಿನ ಕೆರೆಯ ಕಡೆ ಹೋಯಿತು. ದಾರಿ ಅಷ್ಟು ಚೆನ್ನಾಗಿ ಗೊತ್ತಿರುವ ನಡಿಗೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೈ ಮುಗಿಯಬೇಕೆನ್ನಿಸಿತು, ಅತ್ತೆ ಪಕ್ಕದಲ್ಲಿದ್ದರೆಂದು ಸುಮ್ಮನಿದ್ದೆ.

ಅವರು ಸೆರಗಿನ ಗಂಟು ಬಿಚ್ಚಿ, ಎಲೆ ಅಡಿಕೆಯ ನಡುವಿನಿಂದ ಒಂದು ಹುಣಸೆ ಬೀಜ ಹುಡುಕಿ ನನ್ನ ಅಂಗೈಗೆ ಹಾಕಿದರು.

"ಖರಾಬಿಗೆ ಬೀಜ ಇಲ್ಲವಲ್ಲ ಅತ್ತೆ?"

"ಇಟ್ಟುದ್ದಕ್ಕಿಲ್ಲ," ಎಂದರು. "ಬುಟ್ಟುದ್ದಕ್ಕೆ."