ಅಹವಾಲು ಸಭೆಯ ಸಂಜೆಗಳು

"ನೀರಿನ ಕರದ ಸಭೆಗೆ ಹೋಗೋ ಮುಖಕ್ಕೆ ಇಷ್ಟೊಂದು ಪೌಡರ್ ಯಾಕಪ್ಪಾ? ನಿನ್ನ ಮುಖ ನೋಡಿ ಕರ ಇಳಿಸ್ತಾರಾ?"

ಅತ್ತಿಗೆ ಬಾಗಿಲಿಗೆ ಒರಗಿ ನಿಂತಿದ್ದಳು. ಸೊಂಟದ ಮೇಲೆ ಒಗೆದ ಬಟ್ಟೆಯ ಬುಟ್ಟಿ. ಕನ್ನಡಕದಂಗಡಿಯವನು ಕನ್ನಡಿಯಲ್ಲೇ ಅವಳನ್ನು ನೋಡಿ ನಕ್ಕ.

"ಇಳಿಸಿದ್ರೆ ನಿಮಗೇ ಲಾಭ ಅಲ್ವಾ ಅತ್ತಿಗೆ."

"ನಿಮ್ಮಣ್ಣ ಮದುವೆ ದಿನಾನೂ ಇಷ್ಟು ಹೊತ್ತು ಕನ್ನಡಿ ಮುಂದೆ ನಿಂತೋರಲ್ಲ. ಅದಕ್ಕೇ ಹಂಗಿದೆ ಮದುವೆ ಫೋಟೋ," ಎಂದು ಅವಳು ಬುಟ್ಟಿಯನ್ನು ಮೇಲೆತ್ತಿಕೊಂಡು ಮಹಡಿ ಹತ್ತಿದಳು.

ಅಣ್ಣ-ಅತ್ತಿಗೆಯ ಮನೆಯಲ್ಲಿ ಹಿಂದುಗಡೆಯ ಕೋಣೆ ಅವನದು. ವಯಸ್ಸು ನಲವತ್ತು ದಾಟಿತ್ತು. ಮದುವೆಯ ಮಾತು ಎತ್ತಿದವರಿಗೆಲ್ಲ ಮೊದಮೊದಲು ನೆಪ ಹೇಳುತ್ತಿದ್ದ, ಆಮೇಲೆ ನಗುತ್ತಿದ್ದ, ಈಗ ಕೇಳುವವರೇ ಸುಸ್ತಾಗಿದ್ದರು. ಅವನ ಮನಸ್ಸು ಹೆಂಗಸರತ್ತ ಹರಿದದ್ದೇ ಇಲ್ಲ. ಪತ್ರಿಕೆಗಳಲ್ಲಿ ಸಲಿಂಗಿ ಎಂದು ಬರೆಯುತ್ತಾರಲ್ಲ, ಆ ಪದ ತನಗೆ ಸೇರಿದ್ದೆಂದು ಅವನಿಗೆ ಹುಡುಗನಾಗಿದ್ದಾಗಲೇ ಗೊತ್ತಾಗಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದ್ದು ಜಗತ್ತಿನಲ್ಲಿ ಒಬ್ಬರೇ ಒಬ್ಬರ ಹತ್ತಿರ. ಅವರೇ ಡ್ರೈವಿಂಗ್ ಶಾಲೆ ನಡೆಸುತ್ತಿದ್ದ ಮೇಷ್ಟ್ರು.

ಮೇಷ್ಟ್ರು ಪರಿಚಯವಾದದ್ದು ಅಂಗಡಿಯಲ್ಲೇ. ಹತ್ತಿರದ ಅಕ್ಷರ ಕಾಣುವುದಿಲ್ಲ ಎಂದು ಬಂದಿದ್ದರು. ಕನ್ನಡಕ ಮಾಡಬೇಕಾದರೆ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯಬೇಕು. ಒಂದು ಗೇಣು ದೂರದಲ್ಲಿ ಕೂತು, ಮೂಗಿನ ಮೇಲೆ ಪುಟ್ಟ ಅಳತೆಪಟ್ಟಿ ಹಿಡಿದು, ಎದುರಿನವರ ಕಣ್ಣನ್ನೇ ದಿಟ್ಟಿಸಬೇಕು. ಸಾಮಾನ್ಯವಾಗಿ ಜನ ನಾಚಿ ಆಚೆ ಈಚೆ ನೋಡುತ್ತಾರೆ. ಮೇಷ್ಟ್ರು ಕಣ್ಣು ಕದಲಿಸಲಿಲ್ಲ. ಆ ದಿನ ಅವನು ಅಳತೆಯನ್ನು ಎರಡೆರಡು ಸಲ ತಪ್ಪು ಬರೆದುಕೊಂಡ.

ಆಮೇಲೆ ಶುರುವಾದದ್ದು ಎಲ್ಲಿಗೆ ಹೋಗುವುದು ಎಂಬ ಕಷ್ಟ. ಮೇಷ್ಟ್ರ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಅವರನ್ನು ನೋಡಲು ಬರುವ ನೆಂಟರು. ಇವನ ಮನೆಯಲ್ಲಿ ಅತ್ತಿಗೆಯ ಕಣ್ಣು. ಒಮ್ಮೆ ಧೈರ್ಯ ಮಾಡಿ ಸಿನಿಮಾಕ್ಕೆ ಹೋದರು. ಮಧ್ಯಂತರದಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು ನಿಂತಿದ್ದಾಗ ಅಂಗಡಿಯ ಹಳೇ ಗಿರಾಕಿಯೊಬ್ಬ ಹೆಂಡತಿ ಮಕ್ಕಳ ಸಮೇತ ಎದುರಾದ. "ಏನು, ಇಬ್ಬರೇ?" ಎಂದ. ಕೇಳಿದ್ದು ಅಷ್ಟೇ. ಆದರೆ ಆ "ಇಬ್ಬರೇ" ಎಂಬುದು ಮುಂದಿನ ವಾರದೊಳಗೆ ನಾಲ್ಕು ಬಾಯಿ ತಿರುಗಿ ಅಣ್ಣನ ಕಿವಿಗೆ ಬಂತು. ಉದ್ಯಾನದಲ್ಲಿ ಕೂತರೆ ಕಾವಲುಗಾರ ಬೆಂಚಿನ ಸುತ್ತ ಸುಳಿದಾಡುತ್ತಿದ್ದ. ಹೋಟೆಲಿನಲ್ಲಿ ಎಷ್ಟು ಹೊತ್ತು ಒಂದೇ ಲೋಟ ಚಹಾ ಕುಡಿಯಲಾದೀತು?

ದಾರಿ ತೋರಿಸಿದ್ದು ರಸ್ತೆ ಅಗಲೀಕರಣ. ಅಂಗಡಿಯ ಮುಂದಿನ ರಸ್ತೆಯನ್ನು ಅಗಲ ಮಾಡುತ್ತಾರೆಂದು ಸಾರ್ವಜನಿಕ ಅಹವಾಲು ಸಭೆ ಕರೆದಿದ್ದರು. ಅಂಗಡಿಯ ಮೆಟ್ಟಿಲು ಹೋಗುತ್ತದೆಂದು ಇವನು ಬಂದ, ಡ್ರೈವಿಂಗ್ ಶಾಲೆಯ ಬೋರ್ಡು ಹೋಗುತ್ತದೆಂದು ಮೇಷ್ಟ್ರು ಬಂದರು. ಅಕ್ಕಪಕ್ಕ ಕುರ್ಚಿ ಸಿಕ್ಕಿತು. ಅಧಿಕಾರಿ ನಕ್ಷೆ ತೋರಿಸಿದ, ಜನ ಕೂಗಾಡಿದರು, ಮತ್ತೆ ಅಧಿಕಾರಿ ನಕ್ಷೆ ತೋರಿಸಿದ. ಸಂಜೆಯೆಲ್ಲ ಇಬ್ಬರ ಮೊಣಕೈ ಒಂದಕ್ಕೊಂದು ತಾಗಿಕೊಂಡಿತ್ತು. ಯಾರೂ "ಇಬ್ಬರೇ?" ಎಂದು ಕೇಳಲಿಲ್ಲ. ಹೊರಗೆ ಬಂದಾಗ ಮೇಷ್ಟ್ರು ಮೆಲ್ಲಗೆ, "ಮುಂದಿನ ಸಭೆ ಯಾವತ್ತು ನೋಡೋ," ಎಂದರು.

ಅಲ್ಲಿಂದ ಅವರು ಬಿಟ್ಟ ಸಭೆಯೇ ಇಲ್ಲ. ಬೀದಿನಾಯಿಗಳ ಸಭೆ, ಮರ ಕಡಿಯುವ ಸಭೆ, ಬಸ್ ನಿಲ್ದಾಣ ಬದಲಿಸುವ ಸಭೆ, ಕಸದ ಗಾಡಿ ಎಷ್ಟು ಹೊತ್ತಿಗೆ ಬರಬೇಕೆಂಬ ಸಭೆ. ಊರಿನವರಿಗೆ ಆಕಳಿಕೆ ತರಿಸುವ ಆ ಸಂಜೆಗಳಿಗೆ ಇವರಿಬ್ಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು. ಬೇರೆಯವರು ಸಿನಿಮಾ ನೋಡಿ ಬಂದು ಮಾತಾಡುವಂತೆ ಇವರು ಎಂಜಿನಿಯರನ ಸುಳ್ಳನ್ನು ನೆನೆಸಿಕೊಂಡು ನಗುತ್ತಿದ್ದರು. ಎಲ್ಲರೆದುರು ಒಬ್ಬರಿಗೊಬ್ಬರು "ನೀವು". ಕುರ್ಚಿಯ ಸಾಲಿನಲ್ಲಿ, ಪಿಸುಮಾತಿನಲ್ಲಿ, "ನೀನು".

ಒಂದೇ ತೊಂದರೆ, ಕೆಲವು ಸಭೆ ಬೇಗ ಮುಗಿಯುತ್ತಿತ್ತು. ಅದಕ್ಕೂ ಅವನು ಉಪಾಯ ಕಂಡುಕೊಂಡ. ಪ್ರಶ್ನೆ ಕೇಳಿದರೆ ಸಭೆ ಮುಗಿಯುವುದಿಲ್ಲ! ಅವನು ಲೆನ್ಸ್ ಉಜ್ಜುವ ಚಕ್ರದ ಮುಂದೆ ಕೂತಿರುವಾಗಲೇ ಪ್ರಶ್ನೆಗಳನ್ನು ಹೊಸೆಯುತ್ತಿದ್ದ. ಒಂದಕ್ಕೆ ಉತ್ತರ ಕೊಟ್ಟರೆ ಅದರ ಬಾಲ ಹಿಡಿದು ಇನ್ನೊಂದು ಬರುವ ಹಾಗೆ. ಅವನದು ಸಣ್ಣ ದನಿ. ಎದ್ದು ನಿಂತರೆ ನಾಲಿಗೆ ಒಣಗುತ್ತಿತ್ತು. ಹಾಗಾಗಿ ಚೀಟಿಯಲ್ಲಿ ಬರೆದು ಮೇಷ್ಟ್ರ ಕೈಗೆ ಕೊಡುತ್ತಿದ್ದ. ಮೇಷ್ಟ್ರದು ಕಂಚಿನ ಕಂಠ. ಲಾರಿ ಹಾರ್ನಿನ ನಡುವೆಯೂ "ಕ್ಲಚ್! ಕ್ಲಚ್ ಒತ್ತಮ್ಮಾ!" ಎಂದು ಕೂಗಿ ಪಳಗಿದ ಗಂಟಲು.

"ಬಂದ್ರಪ್ಪಾ ಸಭೆಯ ಜೋಡೆತ್ತುಗಳು," ಎನ್ನುತ್ತಿದ್ದಳು ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುವ ಚರಂಡಿ ಅಜ್ಜಿ. ಮನೆ ಮುಂದಿನ ಚರಂಡಿಯ ದೂರು ಹೊತ್ತು ವರ್ಷಗಟ್ಟಲೆ ತಿರುಗಿ ಅವಳಿಗೆ ಆ ಹೆಸರು ಬಂದಿತ್ತು. "ಇವತ್ತು ಆ ಎಂಜಿನಿಯರನ ಬೆವರು ಇಳಿಸಿ ಮಗಾ. ನಾನು ಮನೇಲಿ ಅಡುಗೆ ಮುಗಿಸೇ ಬಂದಿದೀನಿ, ಅವಸರ ಇಲ್ಲ."

ಕಾಲಹರಣಕ್ಕೆಂದು ಕೇಳಿದ ಪ್ರಶ್ನೆಗಳು ಊರಿಗೆ ಉಪಯೋಗಕ್ಕೆ ಬಂದವು. ಬಸ್ ನಿಲ್ದಾಣಕ್ಕೆ ಸೂರು ಬಂತು. ಶಾಲೆಯ ಮುಂದೆ ರಸ್ತೆಯುಬ್ಬು ಬಂತು. ಅಜ್ಜಿಯ ಚರಂಡಿಗೆ ಕಲ್ಲು ಮುಚ್ಚಿದರು. ಅವನಿಗೂ ಅದರಲ್ಲಿ ನಿಜವಾದ ಆಸಕ್ತಿ ಹುಟ್ಟಿತು. ಅಂಗಡಿಗೆ ಬಂದವರ ಅಹವಾಲನ್ನು ಕಿವಿಗೊಟ್ಟು ಕೇಳಿಕೊಳ್ಳುತ್ತಿದ್ದ. ಆದರೆ ರಸ್ತೆಯುಬ್ಬಿನ ಹತ್ತಿರ ಜನ ಹೇಳಿದ ಹೆಸರು ಮೇಷ್ಟ್ರದು. ಎದ್ದು ನಿಂತವರು ಅವರಲ್ಲವೇ? ಅವನಿಗೆ ಅದರಿಂದ ಬೇಸರವಾಗಲಿಲ್ಲ. ಹೆಮ್ಮೆಯಾಯಿತು. ತಾನೇ ಕೈಯಾರೆ ಏನು ಕಟ್ಟುತ್ತಿದ್ದೇನೆಂಬುದು ಆಗ ಅವನಿಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ಕಾರು ತಂದು ಅಂಗಡಿ ಮುಂದೆ ನಿಲ್ಲಿಸಿ, "ಬಾ, ನಿನಗೂ ಸ್ವಲ್ಪ ಕಲಿಸ್ತೀನಿ," ಎಂದರು. ಶಿಷ್ಯರು ಕಲಿಯುವ ಬಯಲಿಗೆ ಹೋದರು. ಅದು ಎರಡೂ ಕಡೆ ಪೆಡಲ್ ಇರುವ ಕಾರು. ಇವನು ಸ್ಟೀರಿಂಗ್ ಹಿಡಿದು ಕಾರನ್ನು ಮೆಲ್ಲಗೆ ತಿರುಗಿಸುತ್ತಿದ್ದ.

"ಕಟ್ಟಿಗೆ ಡಿಪೋ ಯಜಮಾನ್ರು ಬಂದಿದ್ರು," ಎಂದರು ಮೇಷ್ಟ್ರು. "ವಾರ್ಡಿನ ಚುನಾವಣೆಗೆ ನಿಲ್ಲು ಅಂತಾರೆ. ಖರ್ಚು ಅವರದೇ."

"ನಿಲ್ಲು ಮತ್ತೆ. ನಿನ್ನ ಬಿಟ್ರೆ ಇನ್ಯಾರಿದಾರೆ?"

"ಒಂಟಿ ಗಂಡಸು ಮನೆಮನೆಗೆ ಓಟು ಕೇಳೋಕೆ ಹೋದ್ರೆ ಬಾಗಿಲು ಯಾರು ತೆಗೀತಾರೆ ಅಂದ್ರು." ಮೇಷ್ಟ್ರು ಕಿಟಕಿಯಾಚೆ ನೋಡಿದರು. "ಅವರ ತಂಗಿ ಮಗಳೊಬ್ಬಳಿದಾಳೆ. ಗಂಡ ತೀರಿಕೊಂಡಿದಾನೆ. ಟೀಚರು."

ಕಾರು ಗಕ್ಕನೆ ನಿಂತಿತು. ಬ್ರೇಕ್ ಒತ್ತಿದ್ದು ಇವನಲ್ಲ, ಮೇಷ್ಟ್ರು. ಮುಂದೆ ಗುಂಡಿ ಇತ್ತು, ಇವನು ನೋಡಿರಲಿಲ್ಲ.

"ಬೇಡ ಅನ್ನು," ಎಂದರು ಮೇಷ್ಟ್ರು. "ನೀನು ಬೇಡ ಅಂದ್ರೆ ಇವತ್ತೇ ಹೋಗಿ ಹೇಳಿ ಬರ್ತೀನಿ."

ಬೇಡ ಎನ್ನಲು ಅವನಿಗೆ ಏನು ಹಕ್ಕು? ಹೆಂಡತಿಯಾಗಿದ್ದರೆ ಅತ್ತು ಕರೆದು ಮನೆ ಎಬ್ಬಿಸಬಹುದಿತ್ತು. ಅಣ್ಣತಮ್ಮನಾಗಿದ್ದರೆ ಕೈಹಿಡಿದು ಎಳೆಯಬಹುದಿತ್ತು. ಪಕ್ಕದ ಕುರ್ಚಿಯವನಿಗೆ ಯಾವ ಹಕ್ಕಿದೆ?

"ನಿನಗೆ ಇಷ್ಟ ಇದೆಯಾ?" ಎಂದು ಕೇಳಿದ.

ಮೇಷ್ಟ್ರು ಹ್ಯಾಂಡ್ ಬ್ರೇಕ್ ಎಳೆದರು. "ಇದೆ ಕಣೋ. ಸುಳ್ಳು ಯಾಕೆ ಹೇಳ್ಲಿ? ಹೋದಲ್ಲೆಲ್ಲ ಕಳ್ಳನ ಥರ ಹಿಂದೆ ಮುಂದೆ ನೋಡಿ ನೋಡಿ ಸಾಕಾಗಿದೆ. ಅಮ್ಮನೂ ಕಣ್ಣು ಮುಚ್ಚೋದರೊಳಗೆ ನೋಡ್ಬೇಕು ಅಂತಾಳೆ." ಆಮೇಲೆ ಇವನ ಮೊಣಕಾಲು ತಟ್ಟಿದರು. "ಗೆದ್ದರೆ ಸಭೆ ಕರೆಯೋನು ನಾನೇ ಅಲ್ವಾ? ವಾರಕ್ಕೊಂದು ಕರೀತೀನಿ. ನೋಡ್ತಿರು."

ಇಬ್ಬರೂ ನಕ್ಕರು. ಇವನು ಗೇರ್ ಹಾಕಲು ಹೋಗಿ ಕಾರನ್ನು ಆಫ್ ಮಾಡಿದ.

ಮೇಷ್ಟ್ರ ಚುನಾವಣೆಗೆ ಅವನು ದುಡಿದ ಹಾಗೆ ಯಜಮಾನರ ಬಂಟರೂ ದುಡಿಯಲಿಲ್ಲ. ಅಂಗಡಿಗೆ ಬೀಗ ಹಾಕಿ ಬೀದಿ ಬೀದಿ ಸುತ್ತಿದ. ಕರಪತ್ರದ ಒಂದೊಂದು ಸಾಲೂ ಅವನದೇ. ಅದರ ಮೇಲಿನ ಫೋಟೋದಲ್ಲಿ ಮೇಷ್ಟ್ರು, ಹೊಸ ಹೆಂಡತಿ, ಕುರ್ಚಿಯಲ್ಲಿ ಕೂರಿಸಿದ ತಾಯಿ. ಮೇಷ್ಟ್ರ ಕನ್ನಡಕ ಸ್ವಲ್ಪ ವಾಲಿತ್ತು. ಕಡ್ಡಿ ಬಗ್ಗಿಸಿ ಸರಿ ಮಾಡುವುದು ಅವನಿಗೆ ಒಂದು ಚಿಟಿಕೆಯ ಕೆಲಸ. ಫೋಟೋ ತೆಗೆಯುವಾಗ ಅವನು ಅಲ್ಲಿರಲಿಲ್ಲ.

"ಇಷ್ಟು ಓಡಾಡಿ ನಿನಗೇನು ಸಿಗುತ್ತೆ?" ಒಂದು ರಾತ್ರಿ ಊಟಕ್ಕೆ ಬಡಿಸುತ್ತ ಅತ್ತಿಗೆ ಕೇಳಿದಳು. ದನಿಯಲ್ಲಿ ಎಂದಿನ ಕುಚೋದ್ಯ ಇರಲಿಲ್ಲ.

"ಊರಿಗೆ ಒಳ್ಳೇದಾಗುತ್ತೆ ಅತ್ತಿಗೆ."

"ಊರಿಗಾಗುತ್ತೆ. ನಾನು ಕೇಳಿದ್ದು ನಿನಗೆ." ಅವಳು ಅವನ ಮುಖವನ್ನೇ ನೋಡಿದಳು. ಅವನು ತಟ್ಟೆ ನೋಡಿದ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಣ್ಣ ಕೈ ತೊಳೆದುಕೊಂಡು ಒಳಗೆ ಬಂದ. ಅವಳು ಇನ್ನೊಂದು ಸೌಟು ಬಡಿಸಿದಳು.

ಮೇಷ್ಟ್ರು ಗೆದ್ದರು.

ಗೆದ್ದ ಕೆಲವು ದಿನಕ್ಕೆ ಅವರ ಹೆಂಡತಿ ಓದುವ ಕನ್ನಡಕ ಮಾಡಿಸಲು ಅಂಗಡಿಗೆ ಬಂದಳು. ಅವನು ಅಳತೆಪಟ್ಟಿ ಹಿಡಿದು ಎದುರು ಕೂತ. ಮೃದುವಾದ, ಆಯಾಸಗೊಂಡ ಕಣ್ಣು. "ನಿಮ್ಮ ಬಗ್ಗೆ ಹೇಳ್ತಿರ್ತಾರೆ," ಎಂದಳು. "ಪ್ರಶ್ನೆ ಎಲ್ಲ ಬರೆದುಕೊಡ್ತಿದ್ದೋರು ನೀವೇ ಅಂತಲ್ಲ. ಮನೆಗೆ ಬನ್ನಿ ಒಂದಿನ. ಅವರಿಗೆ ಸ್ನೇಹಿತರೇ ಕಡಿಮೆ." ಬೈಯುವಂಥ ಹೆಂಗಸಾಗಿದ್ದರೆ ಅವನಿಗೆ ಸುಲಭವಿತ್ತು. ಇವಳನ್ನು ದ್ವೇಷಿಸಲೂ ದಾರಿ ಇರಲಿಲ್ಲ. ಅವಳ ಲೆನ್ಸನ್ನು ಅವನು ಬಹಳ ನಾಜೂಕಾಗಿ ಉಜ್ಜಿದ.

ಹೊಸ ಸದಸ್ಯರ ಮೊದಲ ಸಭೆಗೆ ಸಭಾಂಗಣ ತುಂಬಿತ್ತು. ಮೇಷ್ಟ್ರು ವೇದಿಕೆಯ ಮೇಲೆ, ಬಿಳಿ ಟವೆಲ್ ಹೊದಿಸಿದ ಕುರ್ಚಿಯಲ್ಲಿ. ಇವನು ಮಾಮೂಲಿ ಸಾಲಿನಲ್ಲಿ ಕೂತ. ಪಕ್ಕದ ಖಾಲಿ ಕುರ್ಚಿಯಲ್ಲಿ ಚರಂಡಿ ಅಜ್ಜಿ ಮುಂದಿನ ಸಾಲಿನಿಂದಲೇ ತಿರುಗಿ ತನ್ನ ಚೀಲ ಇಟ್ಟಳು.

"ನಿನ್ನ ಜೊತೆಗಾರ ಮೇಲೆ ಹೋಗ್ಬಿಟ್ಟನಲ್ಲ ಮಗಾ," ಎಂದಳು.

"ಹೋಗ್ಲಿ ಬಿಡಿ ಅಜ್ಜಿ, ಒಳ್ಳೇದೇ."

"ನಾನು ಚೀಲಕ್ಕೆ ಜಾಗ ಸಿಕ್ತು ಅಂತ ಹೇಳಿದ್ದು," ಎಂದು ಅವಳು ಬೊಚ್ಚು ಬಾಯಲ್ಲಿ ನಕ್ಕಳು.

ಸಭೆ ಮುಗಿಯುವ ಹೊತ್ತಾಯಿತು. ಅವನು ಎದ್ದು ನಿಂತ. ತರಕಾರಿ ಮಾರುಕಟ್ಟೆಯ ಶೌಚಾಲಯದ ಬಗ್ಗೆ ಕೇಳಿದ. ಮೇಷ್ಟ್ರು ಉತ್ತರ ಕೊಟ್ಟರು. ಅದರ ಬಾಲ ಹಿಡಿದು ಇನ್ನೊಂದು ಕೇಳಿದ. ಅದಕ್ಕೂ ಉತ್ತರ ಬಂತು. ಅವನು ಮತ್ತೆ ಬಾಯಿ ತೆರೆದಾಗ ಮೇಷ್ಟ್ರು ಮೈಕನ್ನು ಹತ್ತಿರ ಎಳೆದುಕೊಂಡರು.

"ಕನ್ನಡಕದಂಗಡಿಯವರು ದಯವಿಟ್ಟು ಕೂತ್ಕೋಬೇಕು. ಎಲ್ಲರಿಗೂ ಮನೆ ಮಠ ಇದೆ. ಇನ್ನು ಮುಂದೆ ದೂರು ಇದ್ದೋರು ಬೆಳಗ್ಗೆ ಕಚೇರಿಯ ಕಿಟಕಿಯಲ್ಲಿ ಕೊಡಿ. ಇಂಥ ಸಭೆ ವರ್ಷಕ್ಕೊಂದು ಸಾಕು ಅಂತ ತೀರ್ಮಾನ ಮಾಡಿದೀವಿ."

ಜನ ಚಪ್ಪಾಳೆ ತಟ್ಟಿದರು. ಸಭೆಗಳೆಂದರೆ ಅವರಿಗೆ ಮೊದಲೇ ಬೇಸರ.

ಹೊರಗೆ ಕಾರಿನ ಬಳಿ, ಯಜಮಾನರು ಯಾರ ಜೊತೆಗೋ ಮಾತಾಡುತ್ತಿದ್ದ ಸಂದಿನಲ್ಲಿ ಮೇಷ್ಟ್ರು ಇವನ ಪಕ್ಕ ಹಾದು ಹೋದರು. "ಹಂಗೆ ನೋಡ್ಬೇಡ," ಎಂದರು, ತುಟಿ ಅಲ್ಲಾಡಿಸದ ಹಾಗೆ. "ಮೇಲಿಂದ ಎಲ್ಲಾ ಕಾಣುತ್ತೆ. ನನಗೆ ಕಂಡ ಮೇಲೆ ಉಳಿದೋರಿಗೂ ಕಾಣುತ್ತೆ." ಒಂದು ಹೆಜ್ಜೆ ಮುಂದೆ ಹೋಗಿ ತಿರುಗಿದರು. "ಅಂಗಡಿ ಕಡೆ ಬರ್ತೀನಿ, ಆದಾಗ."

ಆಗಲಿಲ್ಲ.

ಬೇಸಗೆ ಕಳೆಯಿತು. ಒಂದು ಬೆಳಗ್ಗೆ ಅವನು ಅಂಗಡಿ ತೆರೆಯದೆ ಕಚೇರಿಯ ಕಿಟಕಿಯ ಸಾಲಿನಲ್ಲಿ ನಿಂತ. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕಂಚಿನ ಕಂಠ ಯಾರಿಗೋ ಫೋನಿನಲ್ಲಿ ಗದರುವುದು ಕೇಳಿಸುತ್ತಿತ್ತು. ಅದನ್ನು ಕೇಳಿಕೊಂಡೇ ಅವನ ಸರದಿ ಬಂತು.

"ಏನು ದೂರು?" ಎಂದಳು ಗುಮಾಸ್ತೆ.

ಅವನು ಏನನ್ನೂ ಯೋಚಿಸಿಕೊಂಡು ಬಂದಿರಲಿಲ್ಲ. "ಬೀದಿದೀಪ," ಎಂದುಬಿಟ್ಟ. "ನಮ್ಮ ಮನೆ ಮುಂದಿಂದು. ಮಿಣಮಿಣ ಅನ್ನುತ್ತೆ." ಅವಳು ವಿಳಾಸ ಬರೆದುಕೊಂಡು, "ಮುಂದಿನೋರು ಬನ್ನಿ," ಎಂದಳು.

ಮಾರನೆಯ ದಿನವೇ ಏಣಿ ಕಟ್ಟಿದ ಗಾಡಿ ಬಂತು. ಮಿಣಮಿಣ ಎನ್ನದ, ಎಂದೂ ಕೆಡದ ದೀಪವನ್ನು ಬಿಚ್ಚಿ ಕಂಬಕ್ಕೆ ಹೊಸ ದೀಪ ಹಾಕಿದರು. ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿಮ್ಮ ಪ್ರಭಾವ ದೊಡ್ಡದು ಸಾರ್," ಎಂದ ಏಣಿಯಿಂದ ಇಳಿದ ಲೈನ್‌ಮ್ಯಾನ್. "ಬೇರೆ ಬೀದಿಯೋರು ತಿಂಗಳಾನುಗಟ್ಟಲೆ ಕಾಯ್ತಿದಾರೆ. ಮೇಷ್ಟ್ರು ಸಾಹೇಬ್ರು ಖುದ್ದಾಗಿ ಫೋನ್ ಮಾಡಿ, ಮೊದಲು ಇವರದ್ದು ಮುಗಿಸಿ ಅಂದ್ರು. ಇವರು ಮತ್ತೆ ಮತ್ತೆ ಕಚೇರಿಗೆ ಬರೋ ಹಾಗೆ ಆಗಬಾರದು, ಬೇರೇನಾದ್ರೂ ತೊಂದರೆ ಇದ್ರೆ ಈಗಲೇ ಕೇಳ್ಕೊಂಡು ಬನ್ನಿ ಅಂದಿದಾರೆ. ಇದೆಯಾ ಸಾರ್?"

ಅವನು ಹೊಸ ದೀಪವನ್ನೇ ನೋಡುತ್ತ ನಿಂತಿದ್ದ. ಹಗಲಾದ್ದರಿಂದ ಅದು ಉರಿಯುತ್ತಿರಲಿಲ್ಲ.

"ಏನೂ ಇಲ್ಲ ಅಂತ ಹೇಳಿ," ಎಂದ.

ಲೈನ್‌ಮ್ಯಾನ್ ತಲೆಯಾಡಿಸಿ ಏಣಿ ಮಡಚಿದ.