ಮೇಡಮ್ಮನವರು ಹೆದರಿದ ದಿನ

ಹೋದ ವಾರ ನೆಗಡಿ ಹಿಡಿದು ಮಲಗಿದ್ದೆ. ತಮ್ಮನ ಸೊಸೆ ಕರವಸ್ತ್ರಕ್ಕೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ ಮೂಗಿನ ಹತ್ತಿರ ಹಿಡಿದಳು. ನಾನು ಅವಳ ಕೈ ತಳ್ಳಿಬಿಟ್ಟೆ. ಪಾಪ, ಹುಡುಗಿ ಗಾಬರಿಯಾದಳು. ಘಾಟು ಜಾಸ್ತಿಯಾಯಿತು ಎಂದು ಸುಳ್ಳು ಹೇಳಿದೆ. ಆ ವಾಸನೆ ಬಂದರೆ ನನಗೆ ಇನ್‌ಫ್ಲುಯೆಂಜಾ ಜ್ವರ ಹಬ್ಬಿದ ೧೯೧೮ರ ಮಲ್ಲೇಶ್ವರ ಕಣ್ಣ ಮುಂದೆ ಬರುತ್ತದೆ. ಬೀಗ ಹಾಕಿದ ತರಗತಿಗಳು, ಗಂಜಿಯ ಹಂಡೆ, ಮೇಡಮ್ಮನವರು...

ಮೇಡಮ್ಮನವರು ನಮ್ಮ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ನಾನು ಹತ್ತೊಂಬತ್ತು ವರ್ಷದ ಹೊಸ ಉಪಾಧ್ಯಾಯಿನಿ. ಇಬ್ಬರೂ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ಅವರಿಗೆ ಆಗಲೇ ನಲವತ್ತು ದಾಟಿತ್ತು. ಶಾಲೆಯ ಹಿಂದಿನ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ಅವರು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಒಮ್ಮೆ ಇನ್‌ಸ್ಪೆಕ್ಟರು ನನ್ನ ಪಾಠದ ಬಗ್ಗೆ ಕಟುವಾಗಿ ಬರೆದು ಹೋದರು. ಅವರಿಗೆ ತಕ್ಕ ಉತ್ತರ ಕೊಡುತ್ತೇನೆಂದು ಕಾಗದ ಹಿಡಿದು ಕೂತೆ. ಮೇಡಮ್ಮನವರು ಬೇಡ ಎನ್ನಲಿಲ್ಲ.

"ಬೆಳಿಗ್ಗೆಯಿಂದ ಏನು ತಿಂದಿದೀಯ?" ಎಂದರು.

ಏನೂ ಇಲ್ಲ ಎಂದೆ.

"ಹಾಗಾದ್ರೆ ಇದನ್ನ ಬರೀತಿರೋದು ನೀನಲ್ಲ, ನಿನ್ನ ಹಸಿವು. ಊಟ ಮಾಡು, ಮಲಗಿ ಏಳು. ನಾಳೆ ಬರಿ."

ಮರುದಿನ ಬರೆದ ಕಾಗದ ಮೂರೇ ಸಾಲಿನದಾಯಿತು. ಇನ್‌ಸ್ಪೆಕ್ಟರಿಂದ ಮರ್ಯಾದೆಯ ಉತ್ತರವೇ ಬಂತು.

ಊಟ, ನಿದ್ದೆ, ಉಸಿರು, ಮಾತು, ಕೆಲಸ ಇವನ್ನು ಬೇರೆ ಬೇರೆ ಎಂದು ಅವರು ಎಣಿಸುತ್ತಲೇ ಇರಲಿಲ್ಲ. ಒಂದು ಕೆಟ್ಟರೆ ಎಲ್ಲವೂ ಕೆಡುತ್ತದೆ ಎನ್ನುತ್ತಿದ್ದರು.

ಆ ವರ್ಷ ಜ್ವರ ಬಂದಾಗ ಶಾಲೆ ಮುಚ್ಚಿದರು. ಮನೆಮನೆಯಲ್ಲೂ ಎಲ್ಲರೂ ಒಟ್ಟಿಗೇ ಮಲಗಿಬಿಡುತ್ತಿದ್ದರು. ನೀರು ಕೊಡಲು ಏಳುವವರೂ ಇರುತ್ತಿರಲಿಲ್ಲ. ಮೇಡಮ್ಮನವರು ಶಾಲೆಯ ಅಂಗಳದಲ್ಲಿ ಒಲೆ ಹೂಡಿ ಗಂಜಿ ಬೇಯಿಸಿದರು. ಆರು ಮಂದಿ ಉಪಾಧ್ಯಾಯಿನಿಯರು ಮೂಗಿಗೆ ನೀಲಗಿರಿ ಎಣ್ಣೆಯ ಬಟ್ಟೆ ಕಟ್ಟಿಕೊಂಡು, ಗಂಜಿಯ ಪಾತ್ರೆ ಹಿಡಿದು ಹೊರಡುತ್ತಿದ್ದೆವು. ಹೊರಡುವ ಮುಂಚೆ ಎಲ್ಲರೂ ಕೂತು ಎರಡು ತುತ್ತು ತಿನ್ನಲೇಬೇಕು, ಸ್ವಲ್ಪ ಹೊತ್ತು ನಿಧಾನವಾಗಿ ಉಸಿರಾಡಬೇಕು. ಆಮೇಲೆ ಅವರು ಒಬ್ಬೊಬ್ಬರನ್ನೇ "ಹೊಟ್ಟೆಯಲ್ಲಿ ಏನಿದೆ, ಹೇಳಿ" ಎಂದು ಕೇಳುತ್ತಿದ್ದರು. ಅಂಬಲಿ ಎಂದು ಯಾರಾದರೂ ತಮಾಷೆ ಮಾಡಿದರೆ ನಗುತ್ತಿದ್ದರು. ಅವರು ಕೇಳುತ್ತಿದ್ದದ್ದು ಸಿಟ್ಟು, ಸಂಕಟ, ಭಯ. ಅದನ್ನು ಇಲ್ಲೇ ಹೇಳಿ ಹೋಗಿ, ರೋಗಿಯ ಮನೆಗೆ ಹೊತ್ತುಕೊಂಡು ಹೋಗಬೇಡಿ ಎನ್ನುತ್ತಿದ್ದರು. ನಾವೆಲ್ಲ ಹೇಳುತ್ತಿದ್ದೆವು. ಅವರ ಹೊಟ್ಟೆಯಲ್ಲಿ ಏನಿದೆ ಎಂದು ಒಂದು ದಿನವೂ ಯಾರೂ ಕೇಳಲಿಲ್ಲ.

ಹತ್ತು ದಿನ ಕಳೆಯುವಷ್ಟರಲ್ಲಿ ಇಬ್ಬರು ಉಪಾಧ್ಯಾಯಿನಿಯರು ತೀರಿಕೊಂಡರು. ಇನ್ನಿಬ್ಬರು ಮಲಗಿದರು. ಒಬ್ಬಳನ್ನು ಅವಳ ಅಣ್ಣ ಬಂದು ಊರಿಗೆ ಕರೆದುಕೊಂಡು ಹೋದ. ಉಳಿದದ್ದು ಮೇಡಮ್ಮನವರು ಮತ್ತು ನಾನು, ಇಬ್ಬರೇ.

ಒಂದು ಬೆಳಿಗ್ಗೆ ಹೊತ್ತಾಯಿತೆಂದು ನಾನು ತಿನ್ನದೆ, ಕೂರದೆ ಹೊರಟುಬಿಟ್ಟೆ. ವೈಯಾಲಿಕಾವಲ್ ಕಡೆಯ ಒಂದು ವಠಾರದಲ್ಲಿ ಹೂ ಕಟ್ಟಿ ಮಾರುವ ಹೆಂಗಸೊಬ್ಬಳಿದ್ದಳು. ಮನೆಯಲ್ಲಿ ಯಾರಿಗೂ ಜ್ವರವಿಲ್ಲ ಎಂದು ಅವಳು ಮೂರು ದಿನದಿಂದ ನನ್ನನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದಳು. ಆ ದಿನ ಒಳಗಿನಿಂದ ಕೆಮ್ಮು ಕೇಳಿತು. ಅವಳನ್ನು ಸರಿಸಿ ಒಳಗೆ ಹೋದೆ. ಹಾಸಿಗೆಯ ಸುರುಳಿಗಳ ಹಿಂದೆ ನಾಲ್ಕು ವರ್ಷದ ಹೆಣ್ಣುಮಗುವನ್ನು ಬಚ್ಚಿಟ್ಟಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು.

"ಸರ್ಕಾರದವ್ರು ರೋಗದ ಕ್ಯಾಂಪಿಗೆ ಎತ್ಕೊಂಡೋಗ್ಬಿಡ್ತಾರೆ ಕಣವ್ವಾ," ಎಂದು ಅವಳು ನನ್ನ ಕಾಲು ಹಿಡಿದಳು. "ಪ್ಲೇಗಲ್ಲಿ ನಮ್ಮವ್ವನ್ನ ಹಂಗೇ ಎತ್ಕೊಂಡೋದ್ರು. ತಿರುಗಿ ಬರ್ಲೇ ಇಲ್ಲ."

ಅವಳ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. "ನೀನು ತಾಯೀನಾ? ಈ ಮಗು ಸತ್ರೆ ಜ್ವರದಿಂದಲ್ಲ, ನಿನ್ನಿಂದ ಸಾಯೋದು" ಎಂದು ವಠಾರವೆಲ್ಲ ಕೇಳುವಂತೆ ಕೂಗಿದೆ. ಗಂಜಿ ಅಲ್ಲೇ ಕುಕ್ಕಿ ಬಂದೆ.

ಮರುದಿನ ಹೋದರೆ ಬಾಗಿಲಿಗೆ ಅಗುಳಿ. ಎಷ್ಟು ಕರೆದರೂ ತೆಗೆಯಲಿಲ್ಲ. ಓಡಿಬಂದು ಮೇಡಮ್ಮನವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೂಡಲೇ ನನ್ನ ಜೊತೆ ಬಂದು ಆ ಮನೆಯ ಜಗಲಿಯ ಮೇಲೆ ಕೂತರು. ಬಾಗಿಲು ತಟ್ಟಲಿಲ್ಲ. ಆಗಾಗ ಮೆಲ್ಲಗೆ, "ನಾನು ಇಲ್ಲೇ ಇದೀನಮ್ಮ. ಯಾರನ್ನೂ ಕರ್ಕೊಂಡು ಹೋಗಲ್ಲ" ಎನ್ನುತ್ತಿದ್ದರು. ಬಿಸಿಲು ಏರಿತು, ಇಳಿಯಿತು. ಸಂಜೆಯ ಹೊತ್ತಿಗೆ ಅಗುಳಿ ಸರಿದ ಸದ್ದಾಯಿತು.

ಮಗು ಹಿಂದಿನ ಸಂಜೆಯೇ ಹೋಗಿತ್ತು. ತಾಯಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಇದ್ದಳು. ಅವಳಿಗೂ ಜ್ವರ ಏರಿತ್ತು. ಮೇಡಮ್ಮನವರು ಪಕ್ಕದಲ್ಲಿ ಕೂತು, ಅವಳು ತಾನಾಗಿ ಕೈ ಸಡಿಲಿಸುವವರೆಗೂ ಕಾದು, ಆಮೇಲೆ ಮಗುವನ್ನು ಎತ್ತಿಕೊಂಡರು. ಆ ಹೆಂಗಸು ಬದುಕಿಕೊಂಡಳು. ಮುಂದೆ ಹಲವು ವರ್ಷ ಮಾರುಕಟ್ಟೆಯಲ್ಲಿ ಅವಳನ್ನು ದೂರದಿಂದ ನೋಡಿದ್ದೇನೆ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ...

ಹಿಂದಿರುಗುವಾಗ ದಾರಿಯುದ್ದಕ್ಕೂ ಅಳುತ್ತಿದ್ದೆ. ನನ್ನಿಂದಲೇ ಹೀಗಾಯಿತೇ ಎಂದು ಕೇಳಿದೆ. ಅವರು ನಡೆಯುವುದನ್ನು ನಿಲ್ಲಿಸಿದರು.

"ನಿನ್ನ ಮಾತಿಂದ ಮಗು ಹೋಯ್ತು ಅಂತ ನಾನು ಹೇಳಲ್ಲ. ನಿನ್ನ ಮಾತಿಂದ ಏನೂ ಆಗ್ಲಿಲ್ಲ ಅಂತಾನೂ ಹೇಳಲ್ಲ. ನಾಳೆ ತಿಂದ್ಕೊಂಡು ಹೊರಡು."

ಮೂರನೆಯ ದಿನ ಮೇಡಮ್ಮನವರೇ ಮಲಗಿದರು. ಡಾಕ್ಟರು ಬಂದು ನೋಡಿ, ಔಷಧಿ ಕೊಟ್ಟು, ನನ್ನ ಮುಖ ನೋಡದೆ ಹೋದರು. ನಾನು ಒಬ್ಬಳೇ ಒದ್ದೆ ಬಟ್ಟೆ ಹಾಕುತ್ತಾ ಕೂತೆ. ಮಧ್ಯಾಹ್ನ ಅವರು ಇದ್ದಕ್ಕಿದ್ದಂತೆ ನನ್ನ ಮುಂಗೈ ಹಿಡಿದುಕೊಂಡರು. ಉಗುರು ಒಳಗಿಳಿಯುವಷ್ಟು ಬಿಗಿಯಾಗಿ.

"ನಂಗೆ ಭಯ ಆಗ್ತಿದೆ ಕಣೇ," ಎಂದರು. ದನಿ ಏರಿತ್ತು, ಅದು ಅವರ ದನಿಯೇ ಅಲ್ಲ ಅನ್ನಿಸಿತು. "ಸಾಯೋಕೆ ಇಷ್ಟ ಇಲ್ಲ ನಂಗೆ. ಆ ಇಬ್ಬರು ಹುಡುಗೀರನ್ನ ನಾನೇ ಕಳಿಸ್ದೆ. ತಿನ್ನಿ, ಉಸಿರಾಡಿ, ಹೋಗಿ ಅಂತ ನಾನೇ ಕಳಿಸ್ದೆ. ಆವತ್ತಿಂದ ನಂಗೆ ನಿದ್ದೆ ಇಲ್ಲ. ಯಾರಿಗೆ ಹೇಳ್ಲಿ ನಾನು?"

ನಾನು ಕಂಗಾಲಾದೆ. ಎಲ್ಲರೂ ಒರಗಿಕೊಂಡಿದ್ದ ಗೋಡೆಯೇ ಕುಸಿಯುತ್ತಿದೆ ಅನ್ನಿಸಿತು. ಅವರ ಮಾತು ನಿಂತರೆ ಸಾಕಾಗಿತ್ತು ನನಗೆ. ಅವರು ಕಲಿಸಿದ್ದನ್ನೇ ಅವರಿಗೆ ಹೇಳಿದೆ. "ಸಮಾಧಾನ ಮಾಡ್ಕೊಳ್ಳಿ, ಮೇಡಮ್ಮ. ಮಾತಾಡ್ಬೇಡಿ. ನಿಧಾನವಾಗಿ ಉಸಿರು ತಗೊಳ್ಳಿ. ಒಂದು ಗುಟುಕು ಗಂಜಿ ಕುಡೀರಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಕೈ ಬಿಟ್ಟರು. "ಸರಿ ಮಗು" ಎಂದರು, ತಮ್ಮ ಮಾಮೂಲಿ ಮೆಲುದನಿಯಲ್ಲಿ. ನಾನು ಹಿಡಿದ ಗಂಜಿಯನ್ನು ಒಂದು ಗುಟುಕು ಕುಡಿದು ಗೋಡೆಯ ಕಡೆ ತಿರುಗಿ ಮಲಗಿದರು. ಸಮಾಧಾನವಾಯಿತು ಎಂದುಕೊಂಡೆ. ನನ್ನ ಮೇಲೆ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು. ಅವರು ಮತ್ತೆ ಮಾತಾಡಲಿಲ್ಲ. ಮರುದಿನ ಬೆಳಗಾಗುವುದರೊಳಗೆ ಹೋಗಿಬಿಟ್ಟಿದ್ದರು.

ಆಮೇಲೆ ನಾನು ಮೂವತ್ತು ವರ್ಷ ಪಾಠ ಹೇಳಿದೆ. ತಿನ್ನದೆ ಮಾತಾಡಲಿಲ್ಲ, ಕೋಪದಲ್ಲಿ ಕಾಗದ ಬರೆಯಲಿಲ್ಲ. ಶಾಂತ ಸ್ವಭಾವದವರು ಎಂದು ಎಲ್ಲರೂ ಹೊಗಳಿದರು. ಆ ಶಾಂತಿ ಒಳಗಿನಿಂದ ಎಷ್ಟು ಭಾರ ಎಂದು ನನಗೆ ತಡವಾಗಿ ತಿಳಿಯಿತು. ಹೊಟ್ಟೆಯಲ್ಲಿ ಏನಿದೆ ಎಂದು ನನ್ನನ್ನೂ ಯಾರೂ ಕೇಳಲಿಲ್ಲ.

ಮೇಡಮ್ಮನವರು ಸತ್ತಾಗ ಇದ್ದ ವಯಸ್ಸನ್ನು ದಾಟಿ ಎಷ್ಟೋ ವರ್ಷಗಳಾದವು. ಈಗ ನನಗೂ ರಾತ್ರಿ ನಿದ್ದೆ ಹತ್ತುವುದಿಲ್ಲ. ಆ ಮಧ್ಯಾಹ್ನ ಅವರಿಗೆ ಬೇಕಾಗಿದ್ದದ್ದು ಗಂಜಿಯಲ್ಲ, ಉಸಿರಿನ ಪಾಠವಲ್ಲ. ನನ್ನ ಹೊಟ್ಟೆಯಲ್ಲಿದ್ದ ಮಾತನ್ನು ಆಡಿದ್ದರೆ ಸಾಕಾಗಿತ್ತು... "ನನಗೂ ಭಯ ಆಗ್ತಿದೆ, ಮೇಡಮ್ಮ."

ನಾನು ಆಡಲಿಲ್ಲ.