ಸಮುದ್ರದ ನೀರಿನಲ್ಲಿ ಆರನೆಯದು

ಮೊನ್ನೆ ಮಂಗಗಳು ಹಿತ್ತಲಿನ ಪಪ್ಪಾಯಿ ಗಿಡಕ್ಕೆ ನುಗ್ಗಿ, ಕಾಯಿ ಕಚ್ಚಿ ಬಿಸಾಡಿದ್ದಲ್ಲದೆ ಎಲೆಗಳನ್ನೂ ದಂಟು ಸಮೇತ ಮುರಿದು ಹಾಕಿ ಹೋಗಿದ್ದವು. ಬಯ್ಯುತ್ತಾ ಗುಡಿಸಲು ಹೋದವಳ ಮೂಗಿಗೆ ಆ ಹಸಿ ಸೊನೆಯ ವಾಸನೆ ಬಡಿಯಿತು. ಒಂದು ದಂಟು ಕೈಗೆತ್ತಿಕೊಂಡೆ. ಒಳಗೆಲ್ಲ ಟೊಳ್ಳು, ಕೊಳವೆಯ ಹಾಗೆ... ಪೊರಕೆ ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಮೇಷ್ಟ್ರು ನೆನಪಾಗಿದ್ದರು.

ಪಪ್ಪಾಯಿ ದಂಟಿನ ತುದಿಗೆ ನಾಲ್ಕು ಸಣ್ಣ ಮೊಳೆ ತುಂಬಿ, ಕ್ಯಾಂಡಲ್ ಮೇಣ ಕರಗಿಸಿ ಬಾಯಿ ಮುಚ್ಚಿದರೆ ಅದು ನೀರಿನಲ್ಲಿ ನೆಟ್ಟಗೆ ನಿಂತು ತೇಲುತ್ತದೆ. ನಮ್ಮ ಶಾಲೆಯ ನೀರಿನ ಸಾಂದ್ರತೆ ಅಳೆಯುವ ಉಪಕರಣ ಅದೇ. ಎರಡು ಬಕೆಟ್ ಇಡುತ್ತಿದ್ದರು. ಒಂದರಲ್ಲಿ ಶಾಲೆಯ ಬಾವಿಯ ನೀರು, ಇನ್ನೊಂದರಲ್ಲಿ ಸಮುದ್ರದ ನೀರು. ಬಾವಿಯ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗುತ್ತಿದ್ದ ದಂಟು ಸಮುದ್ರದ ನೀರಿಗೆ ಬಿಟ್ಟ ಕೂಡಲೇ ಅರ್ಧ ಬೆರಳಿನಷ್ಟು ಮೇಲೆದ್ದು ನಿಲ್ಲುತ್ತಿತ್ತು. ನಾವು ಚಪ್ಪಾಳೆ ಹೊಡೆಯುತ್ತಿದ್ದೆವು. ಆಗ ನಮ್ಮ ಕ್ಲಾಸಿನಲ್ಲಿ ಸಮುದ್ರ ನೋಡಿದವರು ಮೂವರೋ ನಾಲ್ವರೋ ಇದ್ದರು, ಅಷ್ಟೇ.

ಆ ನೀರನ್ನು ಅವರು ದಸರಾ ರಜೆಗೆ ಕರಾವಳಿಯ ತಂಗಿ ಮನೆಗೆ ಹೋದಾಗ ಬಿಳಿ ಕ್ಯಾನಿನಲ್ಲಿ ತುಂಬಿಸಿಕೊಂಡು, ಆಗುಂಬೆ ಘಾಟಿ ಹತ್ತುವ ಬಸ್ಸಿನಲ್ಲಿ ಎರಡು ಕಾಲುಗಳ ನಡುವೆ ಇಟ್ಟುಕೊಂಡು ಬರುತ್ತಿದ್ದರು. "ಎಂತ ಸರ್, ಕೊಬ್ಬರಿ ಎಣ್ಣೆಯಾ?" ಎಂದು ಕಂಡಕ್ಟರ್ ಕೇಳಿದರೆ, "ಅಲ್ಲ ಮಾರಾಯ, ಸಮುದ್ರ" ಎನ್ನುತ್ತಿದ್ದರಂತೆ. ಅಡುಗೆ ಉಪ್ಪು ಕದಡಿದರೆ ಸಾಲದೇ ಎಂದು ನಾನೇ ಒಮ್ಮೆ ಕೇಳಿ ಬೈಸಿಕೊಂಡಿದ್ದೆ. ಉಪ್ಪು ನೀರು ಬೇರೆ, ಸಮುದ್ರದ ನೀರು ಬೇರೆ ಎಂದು ಬೋರ್ಡಿನ ಮೇಲೆ ಆರು ಹೆಸರು ಬರೆದರು. ಕ್ಲೋರೈಡ್, ಸೋಡಿಯಂ, ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಯಾವ ಸಮುದ್ರದಿಂದ ನೀರು ಮೊಗೆದರೂ ಇವು ಹೆಚ್ಚು ಕಡಿಮೆ ಅದೇ ಲೆಕ್ಕದಲ್ಲಿ ಇರುತ್ತವೆ ಎಂದರು. ಪರೀಕ್ಷೆಯಲ್ಲಿ ನಾವೆಲ್ಲ ಐದು ಬರೆದು ಆರನೆಯದನ್ನು ಮರೆಯುತ್ತಿದ್ದೆವು. "ಆರನೇದು ಪಾಪದ್ದು, ಸ್ವಲ್ಪವೇ ಇರೋದು. ಹಂಗಂತ ಬಿಟ್ರೆ ಆಯ್ತಾ?" ಎಂದು ಕಿವಿ ಹಿಂಡುತ್ತಿದ್ದರು.

ಇನ್ನೊಂದು ಮಾತು ಅವರಿಗೆ ಬಾಯಿಪಾಠವಾಗಿತ್ತು. ಭೂಮಿಯ ಮೇಲೆ ಶುದ್ಧ ನೀರು ಅಂತ ಇಲ್ಲ. ನೀರು ಹೋದಲ್ಲೆಲ್ಲ ಸಿಕ್ಕಿದ್ದನ್ನು ಕರಗಿಸಿಕೊಂಡೇ ಬರುತ್ತದೆ. ಆದ್ದರಿಂದ ಯಾವ ನೀರು ಕಂಡರೂ 'ಇದರಲ್ಲಿ ಎಂತೆಲ್ಲ ಇದೆ?' ಎಂದು ಕೇಳಬೇಕು. ನಾವು ಹುಡುಗಿಯರು ನಲ್ಲಿಯ ಹತ್ತಿರ ನಿಂತು ಅವರ ಹಾಗೆಯೇ ಕನ್ನಡಕ ಸರಿಮಾಡಿಕೊಂಡು ಆ ಪ್ರಶ್ನೆ ಕೇಳಿ ನಗಾಡುತ್ತಿದ್ದೆವು.

ನಾನು ಹತ್ತನೇ ಕ್ಲಾಸಿಗೆ ಓದು ಮುಗಿಸಿ ಹೊಲಿಗೆ ಕಲಿತೆ. ಕೊಪ್ಪದ ಬಸ್ ನಿಲ್ದಾಣದ ಹತ್ತಿರ ಸಣ್ಣದೊಂದು ಟೈಲರಿಂಗ್ ಅಂಗಡಿ ಹಾಕಿದೆ. ಎಷ್ಟೋ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಮುಖ ಊದಿತ್ತು, ಚರ್ಮ ಕಪ್ಪಿಟ್ಟಿತ್ತು. ನಿವೃತ್ತರಾಗಿ ಎರಡೇ ವರ್ಷಕ್ಕೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಹೋಗಬೇಕು, ಬಸ್ಸು ಬರುವ ತನಕ ಕೂರಲು ಒಂದು ಜಾಗ ಬೇಕು. ಕುರ್ಚಿ ಹಾಕಿ, ನಮ್ಮ ಕಡೆಯ ರೂಢಿಯಂತೆ ಬಾಯಾರಿಕೆಗೆ ಕೇಳಿದೆ. "ಆಸರಿಗೆ ಎಂತ ಕೊಡ್ಲಿ ಸರ್?"

ಅವರ ಮುಖ ಬಾಡಿಹೋಯಿತು. "ಅದೊಂದು ಕೇಳ್ಬೇಡ ಮಾರಾಯ್ತಿ. ಯಾರ ಮನೆಗೆ ಹೋದ್ರೂ ಅದೇ. ಬೇಡ ಅಂದ್ರೆ ಬೇಜಾರು ಮಾಡ್ಕೊಳ್ತಾರೆ. ಅದಕ್ಕೆ ಹೋಗೋದೇ ಬಿಟ್ಟೆ."

ಚೀಲದಿಂದ ಅರ್ಧ ಲೀಟರಿನ ಬಾಟಲಿ ತೆಗೆದು ತೋರಿಸಿದರು. ಅದಕ್ಕೆ ಗಾಯದ ಪಟ್ಟಿ ಅಂಟಿಸಿ ಮೂರು ಗೆರೆ ಹಾಕಿದ್ದರು. ಇಡೀ ದಿನಕ್ಕೆ ಅಷ್ಟೇ ನೀರು. ಕುಡಿದದ್ದು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ, ಅದರಲ್ಲಿ ಕರಗಿದ್ದೂ ನಿಲ್ಲುತ್ತದೆ ಎಂದು ವಿವರಿಸಿದರು, ಪಾಠ ಮಾಡುವ ಹಾಗೆ. ಮನೆಯಲ್ಲಿ ಅವರ ಹೆಂಡತಿ ತರಕಾರಿಯನ್ನು ಎರಡೆರಡು ಸಲ ಬೇಯಿಸಿ, ಎರಡು ಸಲವೂ ನೀರು ಬಸಿದು ಚೆಲ್ಲಿ, ಸಪ್ಪೆ ಪಲ್ಯ ಮಾಡಿಕೊಡುತ್ತಿದ್ದರಂತೆ. ಯಾಕೆ ಹಾಗೆ ಎಂದು ಆಗಲೇ ಕೇಳಿದ್ದರೆ... ಕೇಳಲಿಲ್ಲ. ಅಂದಿನಿಂದ ನಾನು ಅವರೆದುರು ನೀರು ಕುಡಿಯುವುದನ್ನೂ ಬಿಟ್ಟೆ. ಅವರು ಬಂದು ಕೂರುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಒಂದೂವರೆ ವರ್ಷ ಹೀಗೇ ನಡೆಯಿತು.

ಆಮೇಲೊಂದು ದಿನ ಚುನಾವಣೆಯ ಡ್ಯೂಟಿಗೆಂದು ಬಸ್ಸುಗಳನ್ನೆಲ್ಲ ಕರೆಸಿಕೊಂಡಿದ್ದರು. ಮೇಷ್ಟ್ರಿಗೆ ಅದು ನೆನಪೇ ಇರಲಿಲ್ಲ, ನನಗೂ ಇರಲಿಲ್ಲ. ಎಂಟು ಗಂಟೆಗೆ ಬಂದು ಕೂತವರು ಮಧ್ಯಾಹ್ನವಾದರೂ ಕೂತೇ ಇದ್ದರು. ಕಾರಿಗೆಂದು ನಾನು ನಾಲ್ಕು ಕಡೆ ಫೋನ್ ಮಾಡಿದೆ, ಅವೂ ಡ್ಯೂಟಿಗೆ ಹೋಗಿದ್ದವು. ಏಪ್ರಿಲಿನ ಬಿಸಿಲು, ತಗಡಿನ ಮಾಡು. ಬಾಟಲಿಯ ಕೊನೆಯ ಗೆರೆಯ ನೀರೂ ಮುಗಿದಿತ್ತು. ಅವರು ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿದ್ದರು; ನಾಲಿಗೆಯಲ್ಲೇ ಪಸೆ ಇರಲಿಲ್ಲ.

ನನಗೆ ನೋಡಲಾಗಲಿಲ್ಲ. ನಮ್ಮಲ್ಲಿ ಜ್ವರ ಬಂದವರಿಗೆ, ಬಾಣಂತಿಯರಿಗೆ, ಸಾಯುವವರಿಗೂ ಎಳನೀರು ಕೊಡುವುದು. ಅದರಿಂದ ಕೆಟ್ಟದ್ದಾದೀತು ಎಂದು ಯಾರ ತಲೆಗೂ ಹೊಳೆಯುವುದಿಲ್ಲ. ಎದುರಿನ ಗಾಡಿಯಿಂದ ಒಂದು ಕೆತ್ತಿಸಿಕೊಂಡು ಬಂದು ಅವರ ಮುಂದೆ ಹಿಡಿದೆ.

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಒಳಗೆ ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು.

"ಇದರಲ್ಲಿ ಎಂತೆಲ್ಲ ಇದೆ, ಹೇಳು ನೋಡುವ."

"ಎಂತದೂ ಇಲ್ಲ ಸರ್. ಶುದ್ಧ ನೀರು. ಉಪ್ಪು ಸಹ ಇಲ್ಲ."

ಕ್ಲಾಸಿನಲ್ಲಾಗಿದ್ದರೆ ಕಿವಿ ಹಿಂಡುತ್ತಿದ್ದರು. ಅವತ್ತು ನಕ್ಕರು. ಒಂದೇ ಉಸಿರಿಗೆ ಕುಡಿದರು, ಗಲ್ಲದ ಮೇಲೆ ಇಳಿದದ್ದನ್ನೂ ಬೆರಳಲ್ಲಿ ಒರೆಸಿ ನೆಕ್ಕಿದರು. ನನಗೆ ಗೊತ್ತಿದ್ದ ಮೇಷ್ಟ್ರು ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಅವತ್ತು ಸಣ್ಣ ದನಿಯಲ್ಲಿ, "ಇನ್ನೊಂದು ಸಿಗ್ತದಾ?" ಎಂದು ಕೇಳಿದರು. ಓಡಿಹೋಗಿ ತಂದುಕೊಟ್ಟೆ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ... ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ನಾಳೆ ಬೆಳಿಗ್ಗೆ ಬಸ್ಸು ಬಿಡುತ್ತಾರಲ್ಲ, ಹೋದರಾಯಿತು ಎಂದು ನಿಧಾನವಾಗಿ ಮನೆ ಕಡೆ ನಡೆದರು.

ಮರುದಿನ ಬೆಳಿಗ್ಗೆ ಅವರು ಬರಲಿಲ್ಲ. ಎದ್ದಾಗಲೇ ಕಾಲಿಗೆ ಬಲ ಇರಲಿಲ್ಲವಂತೆ. ಊರಿನ ಆಸ್ಪತ್ರೆಗೆ ಮುಟ್ಟಿಸಿ, ರಕ್ತ ತೆಗೆದು, ಏನೋ ಇಂಜೆಕ್ಷನ್ ಕೊಡುವಷ್ಟರಲ್ಲಿ ಎದೆಬಡಿತ ನಿಂತುಹೋಯಿತು. ಡಾಕ್ಟರು ಹೇಳಿದ ಒಂದು ಶಬ್ದವನ್ನು ಅವರ ಹೆಂಡತಿ ಹೆಣದ ಮುಂದೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು. ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತಂತೆ. ಒಳಗೆ ಅಡುಗೆಮನೆಯ ಗೋಡೆಗೆ ಆಸ್ಪತ್ರೆಯವರು ಕೊಟ್ಟ ಚೀಟಿ ಅಂಟಿಸಿತ್ತು. ಪೊಟ್ಯಾಸಿಯಂ ಇಳಿಸಲು ತರಕಾರಿಯ ನೀರನ್ನು ಎರಡು ಸಲ ಬಸಿಯಬೇಕೆಂದು ಬರೆದು, ಅದು ಹೆಚ್ಚಿರುವುದರಿಂದ ಮುಟ್ಟಬಾರದ ಪದಾರ್ಥಗಳ ಪಟ್ಟಿ ಕೊಟ್ಟಿದ್ದರು. ಮೊದಲನೆಯದೇ ಎಳನೀರು. ಅದರ ಕೆಳಗೆ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿತ್ತು, ಮೇಷ್ಟ್ರ ಕೈಯದೇ.

ಅಂದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕುಡಿದರು. ಬಾಯಾರಿಕೆ ತಡೆಯಲಾಗದೆ ಕುಡಿದರೋ, ಸಾಕಾಗಿ ಕುಡಿದರೋ, ಅಷ್ಟು ಪ್ರೀತಿಯಿಂದ ತಂದವಳಿಗೆ ಬೇಡ ಎನ್ನಲಾರದೆ ಕುಡಿದರೋ, ನನಗೆ ಯಾರು ಹೇಳಬೇಕು? ಗೊತ್ತಿದ್ದವರು ಅವರು, ಕೊಟ್ಟವಳು ನಾನು. ಈ ಎರಡನ್ನೂ ಎಷ್ಟು ತಿರುಗಿಸಿ ಇಟ್ಟರೂ ಸಮಾಧಾನವಾಗುವುದಿಲ್ಲ.

ನಾಲ್ಕು ವರ್ಷವಾಯಿತು. ಅಮ್ಮ, ಎಂದರೆ ಮೇಷ್ಟ್ರ ಹೆಂಡತಿ, ಈಗಲೂ ಅಂಗಡಿಗೆ ಬರುತ್ತಾರೆ. ಕಳೆದ ವಾರ ಸೀರೆಗೆ ಫಾಲ್ಸ್ ಹಚ್ಚಲು ತಂದಿದ್ದರು. ಯಾರೋ ಕೊಟ್ಟ ಹರಿವೆ ಸೊಪ್ಪಿನ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ಇದು ನೀನೇ ಇಟ್ಕೋ. ನಾನು ಸೊಪ್ಪು ಮುಟ್ಟೋದಿಲ್ಲ" ಎಂದರು.

ಯಾಕೆಂದು ಕೇಳಿದೆ.

"ಆ ಚುನಾವಣೆ ದಿನ ಬೆಳಿಗ್ಗೆ ಅವ್ರಿಗೆ ಬಸ್ಸಿಗೆ ತಡ ಆಗ್ತದೆ ಅಂತ ಹರಿವೆನ ಒಂದೇ ಸಲ ಬೇಯಿಸಿ ಬಸ್ದಿದ್ದೆ ಮಾರಾಯ್ತಿ. ಎರಡನೇ ನೀರು ಹಾಕ್ಲಿಲ್ಲ. ಒಂದು ಹತ್ತು ನಿಮಿಷ ಉಳಿಸಕ್ಕೆ ಹೋಗಿ ಅವ್ರನ್ನೇ ಕಳ್ಕೊಂಡೆ."

ಎಳನೀರಿನ ವಿಷಯ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು. "ಒಂದು ಹಿಡಿ ಸೊಪ್ಪಿಂದ ಎಲ್ಲಾದ್ರೂ ಹಂಗೆ ಆಗ್ತದಾ ಅಮ್ಮ? ಅದರಿಂದ ಅಲ್ಲ."

"ಮತ್ತೆಂತದ್ರಿಂದ ಹೇಳು?" ಎಂದರು ಅಮ್ಮ. "ರಾತ್ರಿ ಊಟನೂ ಬೇಡ ಅಂದ್ರು. ಅದು ಬಿಟ್ರೆ ಅವತ್ತು ಬೇರೆ ಎಂತದೂ ಅವ್ರ ಬಾಯಿಗೆ ಹೋಗ್ಲೇ ಇಲ್ವಲ್ಲ."

ನಾನು ತಲೆ ತಗ್ಗಿಸಿ ಅವರ ಸೀರೆಗೆ ಫಾಲ್ಸ್ ಹಚ್ಚತೊಡಗಿದೆ.